ಕಟ್ಟೆಯ ಮೂಲೆ ಮಾತ್ರ ಸರಿಯಾಯಿತು

ಗಂಜಿ ಹಚ್ಚಿದ ಉಂಕಿಯ ಮೇಲೆ ಬಿಸಿಲು ಏರುವುದರೊಳಗೆ ಕುಂಚ ಎಳೆದು ಮುಗಿಸಿರಬೇಕು. ಇಷ್ಟು ಗೊತ್ತಿಲ್ಲದವರಿಗೆ ನಾನು ಹೇಳುವುದು ಅರ್ಥವಾಗುವುದಿಲ್ಲ. ಅಂದು ನಮ್ಮ ಓಣಿಗೆ ಬಂದ ಪೊಲೀಸರಿಗೂ ಅರ್ಥವಾಗಲಿಲ್ಲ. ಹಾಗಾಗಿ ಮೊದಲು ಕೆಲಸದ ಮಾತು.

ಬನಹಟ್ಟಿಯ ನಮ್ಮ ಓಣಿಯಲ್ಲಿ ಆಗ ಮನೆಗೊಂದು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವಂಥದ್ದು. ಸೀರೆಯ ಉದ್ದಕ್ಕೆ ಹೋಗುವ ನೂಲು ಹಾಸು. ಮಗ್ಗಕ್ಕೆ ಏರಿಸುವ ಮೊದಲು ಆ ಹಾಸನ್ನು ಬೀದಿಯ ಉದ್ದಕ್ಕೂ ಬಿಗಿದು ಗಂಜಿ ಹಚ್ಚಬೇಕು. ಹಾಗೆ ಬಿಗಿದು ನಿಲ್ಲಿಸಿದ್ದನ್ನು ಉಂಕಿ ಎನ್ನುತ್ತೇವೆ. ಎರಡು ತುದಿಗೆ ಗೂಟ, ನಡುನಡುವೆ ಬಿದಿರಿನ ಕತ್ತರಿಗಾಲು. ಜೋಳದ ಹಿಟ್ಟಿನ ಗಂಜಿಗೆ ತುಸು ಎಣ್ಣೆ ಬೆರೆಸಿ ನೂಲಿಗೆ ಸವರಬೇಕು. ಎರಡೂ ಬದಿಗೆ ನಿಂತವರು ಉದ್ದನೆಯ ಕುಂಚವನ್ನು ಒಂದೇ ದಿಕ್ಕಿಗೆ ಎಳೆಯುತ್ತ ಹೋಗಬೇಕು. ಗಂಜಿ ಆರುವ ತನಕ ಕುಂಚ ನಿಲ್ಲಬಾರದು. ನಿಂತರೆ ಎಳೆಗೆ ಎಳೆ ಅಂಟಿ ಹಗ್ಗವಾಗುತ್ತದೆ. ಇನ್ನೊಂದು ಮಾತು. ಉಂಕಿಯ ಅಡ್ಡಕ್ಕೆ ತೆಳ್ಳನೆಯ ಕೋಲುಗಳಿರುತ್ತವೆ. ಒಂದು ಎಳೆ ಕೋಲಿನ ಮೇಲೆ ಹಾಯ್ದರೆ ಪಕ್ಕದ್ದು ಕೆಳಗೆ ಹಾಯುತ್ತದೆ. ಯಾವ ಎಳೆಯ ಪಕ್ಕ ಯಾವ ಎಳೆ ಎಂಬ ಸಾಲನ್ನು ಹಿಡಿದಿಡುವುದು ಈ ಕೋಲುಗಳೇ. ಕೋಲು ಕಳಚಿದರೆ ಸಾಲು ಹೋಯಿತು. ಸಾಲು ಹೋದ ಮೇಲೆ ಕೈಯಲ್ಲಿ ಉಳಿಯುವುದು ನೂಲು ಅಷ್ಟೇ, ಹಾಸಲ್ಲ.

ಆ ಓಣಿಯಲ್ಲಿ ಉಂಕಿ ಮಾಡಿಸುವವನು ನಾನು. ಯಾರ ಹಾಸು ಯಾವ ದಿನ, ಗಂಜಿ ಎಷ್ಟು ದಪ್ಪ, ಯಾರು ಯಾವ ಬದಿಗೆ ನಿಲ್ಲಬೇಕು, ಎಲ್ಲ ನಾನು ಹೇಳಿದಂತೆ ನಡೆಯಬೇಕು. ನನ್ನ ಬಾಯಿ ಜೋರು ಎಂದು ಊರೆಲ್ಲ ಹೆಸರಿತ್ತು. ಇದ್ದದ್ದೇ. ಗಂಜಿ ಆರುತ್ತಿರುವಾಗ ಮೆತ್ತಗೆ ಮಾತಾಡಿಕೊಂಡು ನಿಂತರೆ ಕೆಲಸ ಕೆಡುತ್ತದೆ.

ಅಂದು ಬಿಗಿದದ್ದು ಒಬ್ಬ ಹೆಣ್ಣುಮಗಳ ಉಂಕಿ. ನನ್ನ ಮನೆಯಿಂದ ಮೂರನೆಯ ಮನೆ ಅವಳದು. ಗಂಡ ಸೊಲ್ಲಾಪುರದ ಗಿರಣಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಮಾವ ತೀರಿಕೊಂಡ ಮೇಲೆ ಮಗ್ಗ ಯಾರದು ಎಂಬ ಜಗಳ ಎದ್ದಿತು. ಮಹಾಲಿಂಗಪುರದಲ್ಲಿದ್ದ ಮೈದುನ, ಅಪ್ಪನ ಮಗ್ಗ ತನ್ನದೆಂದು ಬಂದ. ನಮ್ಮಲ್ಲಿ ಇಂಥದ್ದಕ್ಕೆಲ್ಲ ಕೋರ್ಟಿಗೆ ಹೋಗುತ್ತಿರಲಿಲ್ಲ. ಓಣಿಯ ಹಿರಿಯರು ಕೂಡಿದರೆ ಅದಕ್ಕೆ ದೈವ ಎನ್ನುತ್ತಿದ್ದರು, ದೈವ ಆಡಿದ್ದೇ ಕಡೆಯ ಮಾತು. ದೈವ ಕೂಡಿತು. ಅವಳೇ ಕುಣಿಯಲ್ಲಿ ಕಾಲಿಳಿಸಿ ನೇಯುತ್ತೇನೆ ಎಂದಳು. ಗಂಡಸರು ನಕ್ಕರು. ಕೊನೆಗೆ ತೀರ್ಮಾನವಾಯಿತು: ಮಗ್ಗ ನಡೆಯುವ ತನಕ ಅವಳದು, ಯಾವ ಅಮಾವಾಸ್ಯೆಗೆ ಅದು ನಿಂತಿರುತ್ತದೋ ಆ ಅಮಾವಾಸ್ಯೆಗೆ ಮೈದುನನದು.

ಅಮಾವಾಸ್ಯೆಗೆ ನಾವು ನೇಯುವುದಿಲ್ಲ, ಮಗ್ಗದ ಪೂಜೆ ಮಾಡುತ್ತೇವೆ. ಆ ದಿನ ಮಗ್ಗದ ಮೇಲೆ ಹಾಸು ಇರಬೇಕು, ಹಾಸಿನ ಮುಂದೆ ನೇಯ್ದ ಬಟ್ಟೆ ಇರಬೇಕು. ಅದಿದ್ದರೆ ಮಗ್ಗ ನಡೆಯುತ್ತಿದೆ ಎಂದು ಅರ್ಥ. ಮಾವ ಬಿಟ್ಟುಹೋದ ಹಾಸನ್ನು ಅವಳು ನೇಯ್ದು ಮುಗಿಸಿದ್ದಳು. ನೇಯ್ಗೆ ನನಗೆ ಗೊತ್ತಿದೆ, ಛಲೋ ನೇಯ್ದಿದ್ದಳು. ನೇಕಾರರ ಸಂಘದವರು ಅವಳ ಹೆಸರಿಗೇ ನೂಲು ಕೊಟ್ಟರು, ನೂಲು ಸೀರೆಯಾಗಿ ಬಂದರೆ ಮುಂದಿನ ನೂಲು ಎಂಬ ಕರಾರಿನ ಮೇಲೆ. ಅಂದು ಬೀದಿಗೆ ಬಂದಿದ್ದು ಆ ನೂಲು.

ಮಾರ್ಗಶಿರದ ಚಳಿ. ಮಂಜು ಬೇರೆ, ಗಂಜಿ ಕುದಿಸಿದ ಒಲೆಗಳ ಹೊಗೆ ಬೇರೆ. ಓಣಿಯ ಬಾಯಿಗೆ ಒಬ್ಬ ಮುದುಕನನ್ನು ನಿಲ್ಲಿಸುವುದು ನಮ್ಮ ಪದ್ಧತಿ, ಬಂಡಿ ಬಂದರೆ ತಡೆಯಲಿಕ್ಕೆ. ಅವನಿಗೆ ಹೆಚ್ಚು ಕೆಲಸವೇನೂ ಇರಲಿಲ್ಲ. ಆ ದಾರಿಯ ಎತ್ತುಗಳು ಉಂಕಿ ಕಂಡರೆ ತಾವೇ ನಿಲ್ಲುತ್ತಿದ್ದವು. ಮೋಟಾರುಗಳೆಲ್ಲ ಪೇಟೆಯ ದಾರಿಯಲ್ಲಿ ಹೋಗುತ್ತಿದ್ದವು. ಅಂದು ಮಹಾಲಿಂಗಪುರದ ಬೆಲ್ಲದ ಸಾಹುಕಾರರೊಬ್ಬರ ಕರಿ ಮೋಟಾರು ಜಮಖಂಡಿಗೆ ಹೊರಟಿತ್ತು. ಪೇಟೆಯಲ್ಲಿ ಬಂಡಿಗಳ ಗದ್ದಲವೆಂದು ಡ್ರೈವರ್ ನಮ್ಮ ಓಣಿಗೆ ತಿರುಗಿಸಿದ. ಮುದುಕ ಕೈ ಎತ್ತಿ ನಿಂತ, ಎತ್ತಿಗೆ ಮಾಡುವಂತೆ ಬಾಯಲ್ಲಿ "ಹೋ ಹೋ" ಎಂದ. ಬಂದದ್ದು ತಾನಾಗಿ ನಿಲ್ಲುತ್ತದೆ ಎಂದೇ ಅವನ ತಿಳಿವಳಿಕೆ. ಕಡೆಗೆ ಪಕ್ಕಕ್ಕೆ ಹಾರಿ ಜೀವ ಉಳಿಸಿಕೊಂಡ.

ಕುಂಚ ಹಿಡಿದವರೂ ಹಾರಿದರು. ಯಾರಿಗೂ ಗಾಯವಾಗಲಿಲ್ಲ. ಮೋಟಾರು ನಾಲ್ಕೈದು ಕತ್ತರಿಗಾಲುಗಳನ್ನು ಮುರಿದುಕೊಂಡು, ಹಸಿ ನೂಲನ್ನು ಚಕ್ರಕ್ಕೆ ಸುತ್ತಿಕೊಂಡು, ಅವಳ ಮನೆಯ ಮುಂದಿನ ಕಟ್ಟೆಯ ಮೂಲೆಗೆ ಗುದ್ದಿ ನಿಂತಿತು. ಅಲ್ಲಿಗೇ ಬಿಟ್ಟಿದ್ದರೆ ಅರ್ಧವಾದರೂ ಉಳಿಯುತ್ತಿತ್ತು. ಎರಡು ತಪ್ಪು ಒಟ್ಟಿಗೆ ಆದವು. ನಮ್ಮವರಿಗೆ ಹುಟ್ಟಿದಾಗಿನಿಂದ ಒಂದು ಚಟ: ಉಂಕಿ ಸಡಿಲಾಯಿತೆಂದರೆ ಹಿಡಿದು ಎಳೆಯುವುದು. ಗೂಟ ಕಿತ್ತು ನೂಲು ನೆಲಕ್ಕೆ ಬೀಳುತ್ತಿದ್ದಂತೆ ಹಾರಿದವರೆಲ್ಲ ಓಡಿಬಂದು ಎರಡೂ ತುದಿಗೆ ಜೋತುಬಿದ್ದು ಎಳೆದರು. ಅದೇ ಹೊತ್ತಿಗೆ ಡ್ರೈವರ್ ಗಾಬರಿಯಾಗಿ ಮೋಟಾರನ್ನು ಹಿಂದಕ್ಕೆ ತೆಗೆಯತೊಡಗಿದ.

"ಹಿಂದಕ್ಕ ತಗೀಬ್ಯಾಡೋ! ಲೇ, ಬಂದ್ ಮಾಡೋ!" ಎಂದು ನಾನು ಬಾನೆಟ್ಟಿನ ಮೇಲೆ ಗುದ್ದಿದೆ.

ಆಗಲೇ ಹೊತ್ತು ಮೀರಿತ್ತು. ಚಕ್ರ ಒಂದು ಕಡೆ, ಜನ ಒಂದು ಕಡೆ ಎಳೆದು ಸಾಲು ಹಿಡಿದ ಕೋಲುಗಳು ಪಟಪಟ ಮುರಿದು ಉದುರಿದವು. ಓಣಿಯ ಕೊನೆಗಿದ್ದ ಗುಡಿಯ ಕಡೆಯ ತುದಿಯಲ್ಲಿ ಮಾತ್ರ ಒಂದು ಜೋಡಿ ಕೋಲು ಉಳಿಯಿತು. ಅವಳು ಕಟ್ಟೆಯ ಮೇಲೆ ಗಂಜಿಯ ಪಾತ್ರೆ ಹಿಡಿದು ನಿಂತಿದ್ದಳು. ಪಾತ್ರೆಯನ್ನು ಕೆಳಗಿಟ್ಟಳು, ಮುಚ್ಚಳ ಮುಚ್ಚಿದಳು.

ಸಾಹುಕಾರರು ಕೆಳಗಿಳಿದು ಮೋಟಾರಿನ ಸುತ್ತ ಒಂದು ಸುತ್ತು ಹಾಕಿದರು.

"ದೀಪ ಒಡದೈತಿ ನೋಡ್ರಿ," ಎಂದರು ನನಗೆ.

ಕೆಟ್ಟವರೇನಲ್ಲ. ಅವರ ಕಣ್ಣಿಗೆ ಕಂಡದ್ದು ಅದು. ಚಕ್ರಕ್ಕೆ ಸುತ್ತಿದ್ದು ಅವರಿಗೆ ನೂಲಿನ ಗೊಂಡೆಯಂತೆ ಕಂಡಿರಬೇಕು.

ಗಂಜಿ ಇನ್ನೂ ಹಸಿ ಇತ್ತು. ಡ್ರೈವರ್‌ನನ್ನು ಇಳಿಸಿ, ಚಕ್ರ ಬಿಚ್ಚಿ, ಬಿಡಿಸಿದಷ್ಟನ್ನು ಮತ್ತೆ ಬಿಗಿದು ಕುಂಚ ಎಳೆದರೆ ಎಳೆಗಳು ಬಿಡಿಬಿಡಿಯಾಗಿಯಾದರೂ ಆರುತ್ತವೆ. ಸಾಲನ್ನು ಆಮೇಲೆ ಹುಡುಕಬಹುದು. ನಾನು ಎಲ್ಲರನ್ನೂ ಕೂಗಿ ಕರೆದು ಕೆಲಸ ಹಚ್ಚಿದೆ. ಅಷ್ಟರಲ್ಲಿ ಸದ್ದು ಕೇಳಿ ಠಾಣೆಯಿಂದ ಪೊಲೀಸನೊಬ್ಬ ಬಂದ.

"ಯಾರೂ ಮುಟ್ಟಬ್ಯಾಡ್ರಿ! ಫೌಜದಾರ ಸಾಹೇಬರು ಬಂದು ನೋಡೂತನಕ ಎಲ್ಲಾ ಇದ್ದಂಗ ಇರಬೇಕು."

"ಸಾಹೇಬ್ರ, ಗಂಜಿ ಹಸಿ ಐತ್ರಿ. ಒಣಗಿತು ಅಂದ್ರ ಮುಗೀತ್ರಿ."

"ಒಣಗಲಿ ಬಿಡ್ರಿ. ಒಣಗಿದ್ರ ಛಲೋನ ಅಲ್ಲೇನು? ನೋಡಾಕ ಅನುಕೂಲ ಆಗತೈತಿ."

ಅವನ ಮುಖ ನೋಡಿದೆ. ಚೇಷ್ಟೆಯಿಂದ ಹೇಳಿದ್ದಲ್ಲ. ಅವನಿಗೆ ಕಲಿಸಿದ್ದು ಅಷ್ಟು. ಇದ್ದಂಗ ಇದ್ದರೇ ಅವಳಿಗೆ ಪರಿಹಾರ ಸಿಗುವುದೆಂದೂ ಹೇಳಿದ, ಅದೂ ಸುಳ್ಳಲ್ಲ. ಫೌಜದಾರರು ಜಮಖಂಡಿಯ ಕಡೆಗೆ ಹೋಗಿದ್ದರು, ಕರೆಯಲು ಸೈಕಲ್ ಮೇಲೆ ಜನ ಹೋಯಿತು. ನಾವು ಗೋಡೆಗೆ ಒರಗಿ ಕುಳಿತೆವು. ಮಂಜು ಕರಗಿತು. ಬಿಸಿಲು ಮೊದಲು ಗುಡಿಯ ಗೋಡೆಗೆ ಬಂತು, ಆಮೇಲೆ ಎದುರು ಮನೆಯ ಮಾಳಿಗೆಗೆ, ಆಮೇಲೆ ಬೀದಿಗೆ ಇಳಿಯಿತು. ನಾನು ಬಾಯಿ ತೊಳೆಯುವ ನೆವದಲ್ಲಿ ತಂಬಿಗೆ ತಂದು ನೂಲಿನ ಮೇಲೆ ನೀರು ಉಗ್ಗಿದೆ. ಪೊಲೀಸ ಗದರಿಸಿದ. ಕುಂಚಗಳು ಗೋಡೆಯ ಪಕ್ಕ ಸಾಲಾಗಿ ಬಿದ್ದಿದ್ದವು. ಅಷ್ಟು ಕೈಗಳಿದ್ದವು, ಅಷ್ಟು ಕುಂಚಗಳಿದ್ದವು, ಕಣ್ಣೆದುರು ನೂಲು ಹಗ್ಗವಾಗುತ್ತಿತ್ತು. ನನ್ನ ಜೀವನದಲ್ಲಿ ಅಂಥ ಸಿಟ್ಟು ಮತ್ತೆಂದೂ ಬಂದಿಲ್ಲ.

ಫೌಜದಾರರು ಬಂದಾಗ ಬಿಸಿಲು ನೆತ್ತಿಯ ಕಡೆ ಏರಿತ್ತು. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಮೋಟಾರು ಬರುವಾಗ ಈ ನೂಲು ಎಲ್ಲಿತ್ತು?"

ಬೀದಿಯಲ್ಲಿ ಎಂದು ಹೇಳಲು ಬಾಯಿ ತೆರೆದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ತೋಳು ಹಿಡಿದರು. ದೈವದಲ್ಲಿ ಮುಂದೆ ಕೂಡುವವರು ಅವರು.

ಸಂಸ್ಥಾನದ ಕಾಲದಲ್ಲಿ ಓಣಿ ಯಾರದು ಎಂದು ಯಾರೂ ಕೇಳಿರಲಿಲ್ಲ. ಮುಂಬಯಿ ಸರಕಾರ ಬಂದ ಮೇಲೆ ದಾರಿಗಳನ್ನು ಅಳೆಯಲು ಓವರ್ಸಿಯರ್ ಒಬ್ಬರು ಬಂದಿದ್ದರು. ನಮ್ಮ ಓಣಿಯೂ ಸರಕಾರಿ ಸಡಕು, ಸಡಕಿನಲ್ಲಿ ಗೂಟ ಹೊಡೆಯಲು ಅಪ್ಪಣೆ ಯಾರು ಕೊಟ್ಟರು ಎಂದು ಕೇಳಿ, ಉತ್ತರ ಸಿಗದೆ, ಮತ್ತೆ ಬರುತ್ತೇನೆ ಎಂದು ಹೋಗಿದ್ದರು. ಅಂದಿನಿಂದ ಓಣಿಗೆ ಓಣಿಯೇ ಉಸಿರು ಬಿಗಿಹಿಡಿದು ಗೂಟ ಹೊಡೆಯುತ್ತಿತ್ತು. ಬೀದಿ ಹೋದರೆ ಉಂಕಿ ಇಲ್ಲ, ಉಂಕಿ ಇಲ್ಲದಿದ್ದರೆ ಒಂದು ಮಗ್ಗವೂ ಇಲ್ಲ. ನಡುಬೀದಿಯಲ್ಲಿ ಉಂಕಿ ಇತ್ತೆಂದು ಪೊಲೀಸರ ಪಂಚನಾಮೆಯಲ್ಲಿ ಬಂದರೆ ಮುಂದಿನ ಪ್ರಶ್ನೆ ಅದೇ.

ಹಿರಿಯರು ಅವಳ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು.

"ಯವ್ವಾ, ಸಡಕಿನ ಮ್ಯಾಲ ಇತ್ತು ಅಂತ ಬರಕೊಂಡ್ರಂದ್ರ ನಾಳಿಗಿ ಒಂದು ಗೂಟ ಬಡ್ಯಾಕ ಬಿಡೂದಿಲ್ಲ. ಎಲ್ಲಾರ ಹೊಟ್ಟಿ ಮ್ಯಾಲ ಬರತೈತಿ."

ಅವಳು ಅವರನ್ನು ನೋಡಲಿಲ್ಲ. ಗೋಡೆಗೆ ಒರಗಿ ನಿಂತ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಕಡೆಗೆ ಸೆರಗು ಸರಿಮಾಡಿಕೊಂಡು ಫೌಜದಾರರ ಮುಂದೆ ಹೋದಳು.

"ಸಡಕಿನ್ಯಾಗ ಏನೂ ಇದ್ದಿದ್ದಿಲ್ರಿ. ನೂಲು ಕಟ್ಟೀ ಮ್ಯಾಲ ಒಣಾ ಹಾಕಿದ್ನಿರಿ. ಕಟ್ಟೀಗಿ ಗುದ್ದಿದಾಗ ಚಕ್ರಕ್ಕ ಸಿಕ್ಕೊಂಡೈತ್ರಿ."

"ನೂಲು ಹಾಳಾಗೈತೇನು?"

"ಇಲ್ರಿ. ತೊಳಕೊಂಡ್ರ ಆತ್ರಿ. ಕಟ್ಟಿ ಮೂಲಿ ಅಷ್ಟ ಒಡದೈತ್ರಿ."

ಹಾಳಾಗಿದೆ ಎಂದಿದ್ದರೆ, ಬೀದಿಯುದ್ದದ ಹಾಸು ಕಟ್ಟೆಯ ಮೇಲೆ ಹೇಗೆ ಹಿಡಿಸಿತು ಎಂಬ ಪ್ರಶ್ನೆ ಏಳುತ್ತಿತ್ತು. ಓಣಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಕತ್ತರಿಗಾಲಿನ ಮುರುಕುಗಳು ಬೀದಿ ತುಂಬ ಬಿದ್ದಿದ್ದವು, ಗೂಟ ಕಿತ್ತ ಕುಣಿಗಳಿದ್ದವು. ಫೌಜದಾರರು ಅವನ್ನೂ ನೋಡಿದರು, ನಮ್ಮ ಮುಖಗಳನ್ನೂ ನೋಡಿದರು. ಸುಳ್ಳೆಂದು ಅವರಿಗೆ ತಿಳಿಯದೇ ಇರಲಿಲ್ಲ. ಆದರೆ ದೂರು ಕೊಡುವವಳೇ ಇಲ್ಲ ಎಂದ ಮೇಲೆ ಅವರಿಗೇನು? ಕಟ್ಟೆಯ ಮೂಲೆ ಒಡೆದದ್ದನ್ನು ಪಂಚನಾಮೆಯಲ್ಲಿ ಹಾಕಿದರು. ಸಾಹುಕಾರರು ಕೂಡಲೇ ಒಪ್ಪಿ, ಕಟ್ಟೆ ಕಟ್ಟಿಸಿಕೊಡುತ್ತೇನೆ ಎಂದು ರಾಜಿಯಾದರು. ಚಕ್ರದ ನೂಲನ್ನು ಡ್ರೈವರ್ ಕೊಯ್ಯಲು ಚಾಕು ತೆಗೆದಾಗ ಮಾತ್ರ ಅವಳು ಗಟ್ಟಿಯಾಗಿ ಕೂಗಿದಳು.

"ಕೊಯ್ಯಬ್ಯಾಡಪಾ!"

ಚಕ್ರ ಬಿಚ್ಚಿಸಿ, ನಾನೇ ಕೈಯಿಂದ ಸುತ್ತು ಸುತ್ತು ಬಿಡಿಸಿದೆ. ಮಧ್ಯಾಹ್ನವಾಯಿತು.

ಅಂದು ಸಂಜೆ ಇಡೀ ಓಣಿ ಅವಳ ಅಂಗಳಕ್ಕೆ ಬಂತು. ಹೆಂಗಸರು ಅವಳ ಕೈ ಹಿಡಿದರು. "ನಾವೆಲ್ಲಾ ಅದೇವಿ. ಎಳಿ ಎಳಿ ಬಿಡಿಸಿ ಕೊಡತೇವಿ" ಎಂದರು. ಖರೆಯಾಗಿಯೇ ಹೇಳಿದರು. ಅಮಾವಾಸ್ಯೆಗೆ ಇನ್ನೂ ಎರಡು ವಾರದ ಹತ್ತಿರ ಇತ್ತು. ನನಗೂ ಆಸೆ ಹುಟ್ಟಿತು.

ಒಣಗಿದ ಗಂಜಿಯನ್ನು ಬಿಡಿಸಲು ನೀರಲ್ಲಿ ನೆನೆಹಾಕಬೇಕು. ಬೆಚ್ಚಗಿನ ನೀರಾದರೆ ಬೇಗ ಬಿಡುತ್ತದೆ ಎಂದು ಹಂಡೆಯಲ್ಲಿ ಕಾಸಿ, ಕೋಲು ಉಳಿಯದಿದ್ದ ತುದಿಯನ್ನು ಮುಳುಗಿಸಿದೆವು. ಸ್ವಲ್ಪ ಹೊತ್ತಿಗೆ ಅಂಚಿನ ಕೆಂಪು ಬಣ್ಣ ಬಿಟ್ಟು ಒಡಲಿನ ಹಳದಿ ನೂಲಿಗೆ ಹರಿಯಿತು. ತಕ್ಷಣ ಎತ್ತಿದೆವು. ಆ ತುದಿ ಹೋಯಿತು. ಉಳಿದದ್ದನ್ನು ಬಾವಿಯ ತಣ್ಣೀರಲ್ಲಿ ನೆನೆಸಿದೆವು. ತಣ್ಣೀರಿಗೆ ಗಂಜಿ ಬಿಡಲು ಎರಡು ದಿನ ಬೇಕಾಯಿತು. ಅಷ್ಟರಲ್ಲಿ ಹಿಟ್ಟು ಹುಳಿತು ಅಂಗಳವೆಲ್ಲ ನಾತ. ಎತ್ತಿ ಹಿಂಡದೆ ಜಾಲಾಡಿಸಿ, ಹಗ್ಗದ ಮೇಲೆ ಹರವಿದೆವು. ಗಂಜಿಯೇನೋ ಬಿಟ್ಟಿತ್ತು. ಸಿಕ್ಕು ಬಿಟ್ಟಿರಲಿಲ್ಲ.

ಉಳಿದಿದ್ದ ಆ ಒಂದು ಜೋಡಿ ಕೋಲಿನ ಕಡೆಯಿಂದ ಕೆಲಸ ಶುರು ಮಾಡಿದೆವು. ಕೋಲಿನ ಹತ್ತಿರ ಎಳೆಗಳು ಸಾಲಾಗಿಯೇ ಇದ್ದವು. ಒಂದು ಎಳೆಯನ್ನು ಹಿಡಿದು ಅದು ಎಲ್ಲಿಗೆ ಹೋಗುತ್ತದೆ ಎಂದು ಬೆರಳಿನಿಂದ ಹಿಂಬಾಲಿಸುವುದು, ಸಿಕ್ಕು ಬಂದಲ್ಲಿ ಸೂಜಿಯಿಂದ ಬಿಡಿಸುವುದು, ತುಂಡಾದಲ್ಲಿ ಅದರ ಜೊತೆಗಾರನನ್ನು ಹುಡುಕುವುದು. ಮಾರುದ್ದ ಬಿಡಿಸುವುದರಲ್ಲಿ ಒಂದು ದಿನ ಹೋಯಿತು. ಚಕ್ರ ಹಾಯ್ದ ಜಾಗದಲ್ಲಿ ಎಳೆಗಳು ಅಗಿದು ಉಗುಳಿದಂತಿದ್ದವು, ಹಿಡಿದರೆ ಬೆರಳಲ್ಲೇ ಪುಡಿಯಾಗುತ್ತಿದ್ದವು.

ಮೊದಲ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರುದಿನ ಅರ್ಧ ಜನ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ನೆವ. ನೆವ ಎನ್ನುವುದೂ ತಪ್ಪು, ಅವರವರ ಮಗ್ಗ ಅವರವರನ್ನು ಕರೆಯುತ್ತಿತ್ತು. ನಾನೂ ಬೆಳಗಿನ ಹೊತ್ತು ಬೇರೆಯವರ ಉಂಕಿ ಮುಗಿಸಿಯೇ ಬರಬೇಕಾಗುತ್ತಿತ್ತು. ಹೌದು, ಬೀದಿಯಲ್ಲಿ ಉಂಕಿ ನಡೆದೇ ಇತ್ತು, ಅದೇ ಜಾಗದಲ್ಲಿ. ಅವಳ ಮಾತಿನಿಂದ ಉಳಿದ ಬೀದಿ. ಕಡೆಗೆ ಅಂಗಳದಲ್ಲಿ ಉಳಿದವರು ಅವಳು, ನಾನು, ಕಣ್ಣು ಮಂಜಾದ ಒಬ್ಬ ಅಜ್ಜಿ. ಅಜ್ಜಿ ಬಿಡಿಸಿದ್ದನ್ನು ನಾವು ಮತ್ತೆ ಬಿಡಿಸಬೇಕಾಗುತ್ತಿತ್ತು. ಬೇಡ ಎನ್ನಲು ಇಬ್ಬರಿಗೂ ಮನಸ್ಸು ಬರಲಿಲ್ಲ.

ಈ ನಡುವೆ ಸಾಹುಕಾರರ ಕಡೆಯಿಂದ ಗೌಂಡಿ ಬಂದ. ಬಲ್ಲವನು. ಒಡೆದ ಕಲ್ಲು ತೆಗೆದು, ಹೊಸ ಕಲ್ಲನ್ನು ಉಳಿಯಿಂದ ಹದವಾಗಿ ಕೆತ್ತಿ, ಸುಣ್ಣದ ಗಾರೆಯಲ್ಲಿ ಕೂರಿಸಿ, ಮೂಲೆಯನ್ನು ಗುಂಡಗೆ ಮಾಡಿ ಕೊಟ್ಟ. ಓಣಿಯಲ್ಲಿ ಅಷ್ಟು ಚೆಂದದ ಕಟ್ಟೆ ಇನ್ನೊಂದಿರಲಿಲ್ಲ. ಹೋಗುವಾಗ ಅವಳನ್ನು ಕೇಳಿದ.

"ಅಕ್ಕಾರ, ಬರೋಬರಿ ಆತಲ್ರಿ? ಸಾವಕಾರ್ರು ಕೇಳತಾರ, ಏನ ಹೇಳಲಿ?"

"ಆಗೇತಿ ಅಂತ ಹೇಳ್ರಿ," ಎಂದಳು.

ಅಮಾವಾಸ್ಯೆ ಹತ್ತಿರ ಬಂತು. ಒಂದು ಮಧ್ಯಾಹ್ನ ನೂಲು ಕೆಳಗಿಟ್ಟು ಲೆಕ್ಕ ಹಾಕಿದೆ: ಹೀಗೇ ಹೋದರೆ ಹೋಳಿ ಹುಣ್ಣಿಮೆ ಬಂದರೂ ಈ ಸಿಕ್ಕು ಬಿಡುವುದಿಲ್ಲ. ಆದರೆ ದೈವ ಇಡೀ ಹಾಸನ್ನು ಕೇಳಿರಲಿಲ್ಲ. ಮಗ್ಗ ನಡೆದಿರಬೇಕು, ಅಷ್ಟೇ. ಕೋಲಿನಿಂದ ಚಕ್ರದ ಜಾಗದ ತನಕ ಸಾಲು ಸಿಕ್ಕಿರುವ ತುಂಡನ್ನು ಕೊಯ್ದು ಬೇರೆ ಮಾಡಿ, ಅದನ್ನೇ ಮಗ್ಗಕ್ಕೆ ಏರಿಸಿದರೆ? ಒಂದು ಸೀರೆ ಆಗಲಿಕ್ಕಿಲ್ಲ, ಒಂದು ಗೇಣು ಬಟ್ಟೆ ಆದೀತು. ಅಮಾವಾಸ್ಯೆಗೆ ತೋರಿಸಲು ಅಷ್ಟು ಸಾಕು.

ಅವಳಿಗೆ ಹೇಳಿದೆ. ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿದಳು. ಹಾಸನ್ನು ಮಗ್ಗಕ್ಕೆ ಏರಿಸುವ ಮೊದಲು ಕೊಯ್ಯುವುದೆಂದರೆ ನಮ್ಮವರಿಗೆ ಹೇಗಾಗುತ್ತದೆ ಎಂದು ಹೊರಗಿನವರಿಗೆ ಹೇಳಿ ತಿಳಿಸಲಾರೆ. ಕೊಯ್ದ ಮೇಲೆ ಉಳಿದ ನೂಲು ಇನ್ನು ಯಾವತ್ತಿಗೂ ಸೀರೆಯಾಗದು, ಸಂಘಕ್ಕೆ ತಿರುಗಿ ಹೋಗದು. ಮುಂದಿನ ನೂಲೂ ಬಾರದು. ಒಂದು ಅಮಾವಾಸ್ಯೆಯನ್ನು ದಾಟಲು ಮುಂದಿನದ್ದನ್ನೆಲ್ಲ ಕೊಟ್ಟಂತೆ.

"ಇದನ್ನ ದಾಟಿದ್ರ ಮುಂದ ಏನರ ಒಂದು ದಾರಿ ಆದೀತು, ತಂಗಿ," ಎಂದೆ. ಯಾವ ದಾರಿ ಎಂದು ನನಗೇ ಗೊತ್ತಿರಲಿಲ್ಲ.

"ನನ್ನ ಕೈಲೆ ಆಗೂದಿಲ್ಲ ಅಣ್ಣಾ. ನೀವ ಕೊಯ್ರಿ."

ಕೊಯ್ದೆ. ಅವಳು ಒಳಗೆ ಹೋಗಿ ಮಗ್ಗದ ಮುಂದೆ ಕುಳಿತಿದ್ದಳು.

ಹಳೆಯ ಹಾಸು ಮುಗಿದಾಗ ಅದರ ಎಳೆಗಳ ತುದಿಯನ್ನು ಹಣಿಗೆಯಲ್ಲಿ, ಬಾಚಣಿಗೆಯಂತೆ ಎಳೆ ಹಿಡಿದು ನೇಯ್ಗೆಗೆ ಪೆಟ್ಟು ಕೊಡುವ ಚೌಕಟ್ಟಿನಲ್ಲಿ, ಹಾಗೆಯೇ ಉಳಿಸಿರುತ್ತೇವೆ. ಹೊಸ ಎಳೆಯನ್ನು ಒಂದೊಂದಾಗಿ ಅದಕ್ಕೆ ಸೇರಿಸಿ, ಬೂದಿ ಮುಟ್ಟಿದ ಬೆರಳಿನಿಂದ ಹೊಸೆಯಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ಅವಳು ಊಟ ಬಿಟ್ಟು ಕೆಚ್ಚಿದಳು. ಬೆರಳ ತುದಿಯ ಚರ್ಮ ಎದ್ದಿತ್ತು. ಆ ತುಂಡಿಗೆ ಬೀದಿಯಲ್ಲಿ ಗಂಜಿ ಹಚ್ಚುವಂತಿರಲಿಲ್ಲ, ಅಷ್ಟು ಉದ್ದವೇ ಇರಲಿಲ್ಲ. ಮಗ್ಗದ ಮೇಲೆಯೇ ಸಣ್ಣ ಕುಂಚದಿಂದ ತೆಳ್ಳಗೆ ಸವರಿದೆ. ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಅವಳು ಕುಣಿಗಿಳಿದು ಲಾಳಿ ಎಸೆದಳು.

ಲಾಳಿ ಒಂದು ಸಲ ಹೋಗಿ ಬಂತು. ಎರಡು ಸಲ ಬಂತು. ನಾಲ್ಕು ಬೆರಳು ಬಟ್ಟೆ ಆಯಿತು. ತಣ್ಣೀರಲ್ಲೂ ತುಸು ಬಿಟ್ಟ ಕೆಂಪು ಹಳದಿ ಮೇಲೆ ಅಲ್ಲಲ್ಲಿ ಹತ್ತಿತ್ತು, ಆದರೂ ಬಟ್ಟೆ. ಅವಳು ತಲೆ ಎತ್ತಿ ನನ್ನ ಕಡೆ ನೋಡಿ ನಕ್ಕಳು. ಆ ಘಟನೆಯುದ್ದಕ್ಕೂ ಅವಳು ನಕ್ಕದ್ದು ಅದೊಂದೇ ಸಲ.

ಆಮೇಲೆ ಎಳೆಗಳು ಹರಿಯತೊಡಗಿದವು. ಮೊದಲು ಒಂದು, ಕೆಚ್ಚಿದಳು. ಮತ್ತೆ ಎರಡು. ನೀರಲ್ಲಿ ಕೊಳೆತ ನೂಲು, ಚಕ್ರ ಎಳೆದ ನೂಲು, ಹಣಿಗೆಯ ಪೆಟ್ಟು ತಡೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಪೆಟ್ಟಿಗೆ ಮುಷ್ಟಿ ಮುಷ್ಟಿ ಹರಿದು ಜೋತುಬಿದ್ದವು. ಹರಿದ ತುದಿಗಳು ಹಣಿಗೆಯಿಂದ ಜಾರಿ ಹಿಂದಕ್ಕೆ ಹೋದವು, ಅವುಗಳ ಜೊತೆ ಹಳೆಯ ಹಾಸಿನ ಎಳೆಗಳೂ ಹೋದವು. ಮಾವನ ಕಾಲದಿಂದ ಒಂದಕ್ಕೊಂದು ಕೆಚ್ಚಿಕೊಂಡು ಬಂದ ಎಳೆಗಳು. ಸಂಜೆಯ ಹೊತ್ತಿಗೆ ಹಣಿಗೆಯ ಅರ್ಧ ಖಾಲಿ. ಅರ್ಧ ಹಾಸಿನ ಮೇಲೆ ಲಾಳಿ ಓಡದು, ಅಂಥದ್ದನ್ನು ದೈವ ನಡೆಯುವ ಮಗ್ಗ ಎನ್ನದು. ಅವಳು ಕಾಲು ಮೇಲೆ ತೆಗೆದುಕೊಂಡು ಕುಣಿಯ ಅಂಚಿಗೆ ಕುಳಿತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಅಮಾವಾಸ್ಯೆಯ ದಿನ ಹಿರಿಯರು ಬಂದರು, ಜೊತೆಗೆ ಮೈದುನ. ಹಿರಿಯರು ಹೊಸ್ತಿಲಲ್ಲೇ ನಿಂತು ಒಳಗೆ ನೋಡಿದರು.

"ಮಗ್ಗ ನಿಂತೈತಿ," ಎಂದರು.

ಮೈದುನನನ್ನು ಅಲ್ಲೇ ಬಿಟ್ಟು ನಾನು ಹಿರಿಯರನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ.

"ನಿಮ್ಮ ಸಲುವಾಗಿ, ನನ್ನ ಸಲುವಾಗಿ ಆಕಿ ಸುಳ್ಳ ಹೇಳ್ಯಾಳ್ರಿ. ಓಣಿ ಉಳಿಸ್ಯಾಳ. ಇನ್ನೊಂದು ಅಮಾಸಿ ತನಕ ಬಿಡ್ರಿ. ಅಷ್ಟೂ ಆಗೂದಿಲ್ಲೇನ್ರಿ ದೈವಕ್ಕ?"

"ನೀ ಹೇಳೂದು ಖರೆ," ಎಂದರು ಅವರು. ಕಣ್ಣಲ್ಲಿ ನೀರಿತ್ತು, ಅದು ನಾಟಕವಲ್ಲ. "ಆದ್ರ ದೈವದ ಮಾತು ಬದಲ್ ಮಾಡಬೇಕಂದ್ರ ಯಾಕ ಅಂತ ಅವಗ ಹೇಳಬೇಕಲ್ಲೋ ತಮ್ಮಾ. ಏನಂತ ಹೇಳೂನು? ಉಂಕಿ ಹಾಳಾತು ಅಂತಾನ? ಉಂಕೀನ ಇದ್ದಿದ್ದಿಲ್ಲ. ನೂಲು ಕಟ್ಟೀ ಮ್ಯಾಲ ಇತ್ತು, ಏನೂ ಆಗಿಲ್ಲ ಅಂತ ಆಕೀನ ಹೇಳ್ಯಾಳ. ಇವ ಮಹಾಲಿಂಗಪುರದಾಂವ, ನಾಳಿಗಿ ಸಾವಕಾರ್ರ ಮುಂದ ಕುಂತು ಮಾತಾಡಾಂವ."

ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದುದನ್ನು ಓಣಿಯಲ್ಲಿ ಯಾರೂ ಆಡುವಂತಿರಲಿಲ್ಲ.

ಮರುದಿನ ಮೈದುನ ಬಂಡಿ ತಂದ. ಮಗ್ಗ ಬಿಚ್ಚುವುದು ಅವನಿಗೆ ಬರುತ್ತಿರಲಿಲ್ಲ, ಒರಟಾಗಿ ಬಡಿಯುತ್ತಿದ್ದ. ಅವಳೇ ಮುಂದೆ ಬಂದು ಯಾವ ಗೂಟ ಮೊದಲು ತೆಗೆಯಬೇಕೆಂದು ತೋರಿಸಿದಳು. ಹಣಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಬಂಡಿ ತಿರುಗುವಾಗ ಹೊಸ ಕಟ್ಟೆಯ ಗುಂಡು ಮೂಲೆಗೆ ಗಾಲಿ ತಾಗಿತು. ಕಟ್ಟೆಗೆ ಏನೂ ಆಗಲಿಲ್ಲ. ಮನೆಯೊಳಗಿನ ಕುಣಿಗೆ ಹಲಗೆ ಮುಚ್ಚಿದಳು.

ಓವರ್ಸಿಯರ್ ಮತ್ತೆ ಬರಲೇ ಇಲ್ಲ. ಅವಳು ಕೆಲವು ದಿನ ಮನೆಯಿಂದ ಹೊರಬೀಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂದು ನನ್ನ ಸಾಲಿನಲ್ಲಿ ಕುಂಚ ಹಿಡಿದು ನಿಂತಳು, ಕೂಲಿಗೆ. ಬೇಡ ಎನ್ನಲು ನಾನ್ಯಾರು? ಬೇರೆಯವರ ಉಂಕಿಗೆ ಅವಳಷ್ಟು ಹದವಾಗಿ ಕುಂಚ ಎಳೆಯುವವರು ಇರಲಿಲ್ಲ. ನಾನು ಅವಳ ಮೇಲೆ ಒಂದು ದಿನವೂ ಬಾಯಿ ಮಾಡಲಿಲ್ಲ.

ವರ್ಷಗಳು ಕಳೆದಂತೆ ಓಣಿಗೆ ಮೋಟಾರುಗಳು ಹೆಚ್ಚಾದವು. ದೂರದಲ್ಲಿ ಸದ್ದು ಕೇಳಿದರೆ ಸಾಕು, ನಾವೆಲ್ಲ ಕುಂಚ ಬಿಸುಟು ಗೋಡೆಗೆ ಓಡುತ್ತಿದ್ದೆವು. ಅವಳು ಮಾತ್ರ ಓಡುತ್ತಿರಲಿಲ್ಲ. ಯಾರದೇ ಉಂಕಿ ಇರಲಿ, ನಡುಬೀದಿಯಲ್ಲಿ ನಿಂತು ಸಾಲಿನ ಕೋಲುಗಳನ್ನು ಎರಡೂ ಕೈಯಿಂದ ಅವುಚಿ ಹಿಡಿದುಕೊಳ್ಳುತ್ತಿದ್ದಳು. ಮೋಟಾರು ನಿಂತ ಮೇಲೂ ಆ ಬೆರಳುಗಳನ್ನು ನಾನೇ ಹೋಗಿ ಬಿಡಿಸಬೇಕಾಗುತ್ತಿತ್ತು.